ಹನ್ನೆರಡು ಮಂದಿಯ ಮನೆಸಭೆ: ಪಾಸ್ಟರೇಟ್ ಒಡೆಯದೆ ಸಭೆಯನ್ನು ಹೊಸದಾಗಿ ಕಟ್ಟುವ ಬಗೆ

ಬೀದರ್, ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಒಬ್ಬ ಪಾಸ್ಟರ ಕೈಯಲ್ಲಿ ಹಲವು ಊರು ಇರುವುದು (ಆ ಊರುಗಳು ಸೇರಿ ಒಂದು ಪಾಸ್ಟರೇಟ್) ಹೊಸ ಮಾತಲ್ಲ. ಅವರು ಬಂದ ಭಾನುವಾರ ಆರಾಧನೆ, ಬಾರದ ಭಾನುವಾರ ಗುಡಿಗೆ (ಚರ್ಚಿಗೆ) ಬೀಗ. ಬಂದ ದಿನವೂ ಒಬ್ಬರು ಮಾತಾಡುತ್ತಾರೆ, ನಾಲ್ಕು ಜನ ಹಾಡುತ್ತಾರೆ, ಉಳಿದವರು ಕೂತು ಎದ್ದು ಹೋಗುತ್ತಾರೆ. ಇದಕ್ಕೆ ಬೇಸತ್ತವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ಹೊರಗೆ ಬಂದು ಇನ್ನೊಂದು ಬೋರ್ಡು ಹಾಕುವುದು. ಎರಡು ವರ್ಷದಲ್ಲಿ ಅಲ್ಲಿಯೂ ಅದೇ ಮೈಕು, ಅದೇ ವೇದಿಕೆ, ಅದೇ ಒಬ್ಬರ ಮಾತು. ಬದಲಾಗಬೇಕಾದದ್ದು ಬೋರ್ಡಲ್ಲ, ವಾರದ ಏರ್ಪಾಡು.

ಈ ಕೈಪಿಡಿ ಆ ಏರ್ಪಾಡಿನ ಕುರಿತು. ಹತ್ತು-ಹನ್ನೆರಡು ಜನರ ಮನೆಸಭೆಗಳು ವಾರದಲ್ಲಿ ಒಮ್ಮೆ ಸೇರಬೇಕು. ತಿಂಗಳಿಗೊಮ್ಮೆ ಎಲ್ಲ ಮನೆಸಭೆಗಳೂ ಗುಡಿಯಲ್ಲಿ ಒಟ್ಟಾಗಬೇಕು. ಇದು ಪರದೇಶದ ಹೊಸ ಫ್ಯಾಷನ್ ಅನ್ನುವವರಿಗೆ ಎರಡು ಮಾತು ಹೇಳಬಹುದು. ಒಂದು, ಹೊಸ ಒಡಂಬಡಿಕೆಯ ಸಭೆಗಳು ಕೂಡುತ್ತಿದ್ದದ್ದೇ ಮನೆಗಳಲ್ಲಿ: ಪ್ರಿಸ್ಕ-ಅಕ್ವಿಲರ ಮನೆ (ರೋಮಾಪುರದವರಿಗೆ 16:5), ನುಂಫಳ ಮನೆ (ಕೊಲೊಸ್ಸೆಯವರಿಗೆ 4:15), ಫಿಲೆಮೋನನ ಮನೆ. ಸಿರಿಯಾದ ದೂರಾ-ಯೂರೋಪಸ್ ಎಂಬಲ್ಲಿ ಅಗೆದಾಗ ಸಿಕ್ಕ ಕ್ರಿ.ಶ. 240ರ ಆಸುಪಾಸಿನ ಸಭಾಸ್ಥಳವೂ ಒಂದು ಮನೆಯೇ. ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ಜನ ಕೂರಲು ಜಾಗ ಮಾಡಿದ್ದರು. ಎರಡು, ಈ ಭಾಗದಲ್ಲಿ ಹೆಚ್ಚಾಗಿರುವುದು ಮೆಥೋಡಿಸ್ಟ್ ಸಭೆಗಳು, ಮೆಥೋಡಿಸ್ಟರ ಬುನಾದಿಯೇ ಇಂಥ ಕೂಟ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕಟ್ಟಡದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಎತ್ತುವ ಲೆಕ್ಕದಲ್ಲಿ ಜನರನ್ನು ಹನ್ನೆರಡರ ಗುಂಪು ಮಾಡಿದರು. ದುಡ್ಡು ಕೇಳಲು ಮನೆಮನೆಗೆ ಹೋದ ನಾಯಕರಿಗೆ ಯಾರ ಮನೆಯಲ್ಲಿ ಏನು ಕಷ್ಟ, ಯಾರು ದಾರಿ ತಪ್ಪಿದ್ದಾರೆ ಎಂಬುದೂ ತಿಳಿಯಿತು. ಮೆಥೋಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿ ಅದನ್ನೇ ಹಿಡಿದು 'ಕ್ಲಾಸ್ ಮೀಟಿಂಗ್' ಮಾಡಿದರು. ಹೆಂಗಸರೂ ಅದರ ನಾಯಕರಾಗಿದ್ದರು. ನಮ್ಮಲ್ಲಿ ಕಟ್ಟಡ ಉಳಿಯಿತು, ಕ್ಲಾಸ್ ಹೋಯಿತು.

ಕೆಥೋಲಿಕರಿಗೆ ದಾರಿ ಬೇರೆ. 2005ರಲ್ಲಿ ಗುಲ್ಬರ್ಗ ಧರ್ಮಕ್ಷೇತ್ರ (ಒಬ್ಬ ಬಿಷಪರ ಆಡಳಿತದ ವಲಯ) ಆದ ಮೇಲೆ ಈ ಭಾಗದ ಚರ್ಚುಗಳು ಅದರಡಿ ಬರುತ್ತವೆ. ಅಲ್ಲಿ ಕಿರು ಸಮುದಾಯಗಳ ಏರ್ಪಾಡಿಗೆ ಫಾದರ್ ಜೊತೆ ಮಾತಾಡಿಯೇ ಹೊರಡಬೇಕು. ಕೂಟ ನಡೆಸುವ ವಿಧಾನ ಮಾತ್ರ ಎಲ್ಲರಿಗೂ ಸಲ್ಲುತ್ತದೆ.

ಮೊದಲು ಠರಾವು, ಆಮೇಲೆ ಚಾಪೆ

ಮನೆಸಭೆಗಳು ಮೊದಲ ಆರು ತಿಂಗಳಲ್ಲಿ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಪಾಸ್ಟರಿಗೂ ಕಮಿಟಿಗೂ ಹೇಳದೆ ಶುರುವಾಗುತ್ತವೆ. ಮೂರನೇ ವಾರಕ್ಕೆ "ಅವರು ಬೇರೆ ಆಗ್ಲಿಕತ್ತಾರ" ಎಂಬ ಸುದ್ದಿ ಹಬ್ಬುತ್ತದೆ. ಆಮೇಲೆ ಎಷ್ಟು ವಿವರಿಸಿದರೂ ಅದು ಸಮಜಾಯಿಷಿಯಾಗಿಯೇ ಕೇಳಿಸುತ್ತದೆ. ಹಾಗಾಗಿ ಪಾಸ್ಟರೇಟ್ ಕಮಿಟಿಯಲ್ಲಿ ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಅದರಲ್ಲಿ ಇರಬೇಕಾದದ್ದು: ಯಾವ ಯಾವ ಮನೆಸಭೆ, ನಾಯಕರು ಯಾರು, ಕಾಣಿಕೆಯಲ್ಲಿ ಗುಡಿಗೆ ಎಷ್ಟು, ಮನೆಸಭೆಗೆ ಎಷ್ಟು, ದೀಕ್ಷಾಸ್ನಾನ, ಕರ್ತನ ಭೋಜನ (ರೊಟ್ಟಿ-ದ್ರಾಕ್ಷಾರಸ ಹಂಚುವ ಸಂಸ್ಕಾರ), ಮದುವೆ ಪಾಸ್ಟರ ಕೈಯಲ್ಲೇ ಉಳಿಯುತ್ತವೆ ಎಂಬ ಮಾತು, ಮೂರು ತಿಂಗಳ ಬಳಿಕ ಪರಿಶೀಲನೆ ಎಂಬ ತಾರೀಖು. ನಡಾವಳಿಯ ನಕಲು ಪಾಸ್ಟರರ ಮೇಲಿನ ಅಧಿಕಾರಿಯಾದ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟರಿಗೂ ಹೋಗಲಿ. ಪಾಸ್ಟರಿಗೆ ವರ್ಗವಾದಾಗ ಇದರ ಬೆಲೆ ತಿಳಿಯುತ್ತದೆ. ಬರಹದಲ್ಲಿ ಇಲ್ಲದ ಏರ್ಪಾಡನ್ನು ಹೊಸಬರು ಮುಂದುವರಿಸಬೇಕೆಂದೇನಿಲ್ಲ.

ಯಾರಿಗೂ ಸೇರದ ಸ್ವತಂತ್ರ ಸಭೆಯಾದರೆ ಇನ್ನೊಂದು ಕೆಲಸ ಮೊದಲು ಮುಗಿಸಿ. ಗುಡಿಯ ಜಾಗ, ಬ್ಯಾಂಕ್ ಖಾತೆ ಪಾಸ್ಟರ ಸ್ವಂತ ಹೆಸರಿನಲ್ಲಿದ್ದರೆ ಅವರ ಕಾಲಾನಂತರ ಅದು ಮಕ್ಕಳ ಆಸ್ತಿ. ಸಭೆ ಕೋರ್ಟಿನ ಕಟ್ಟೆ ಹತ್ತುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ ಏಳು ಜನ ಸದಸ್ಯರಿದ್ದರೆ ಸಂಘ ನೋಂದಾಯಿಸಬಹುದು. ಜಾಗ, ಖಾತೆ ಎರಡನ್ನೂ ಸಂಘದ ಹೆಸರಿಗೆ ಮಾಡಿಸಿ. ಏಳೂ ಜನ ಒಂದೇ ಮನೆಯವರಾದರೆ ನೋಂದಣಿ ಮಾಡಿಸಿಯೂ ಮಾಡಿಸದಂತೆಯೇ.

ಗುಂಪು ಕಟ್ಟುವುದು

ಎಂಟಕ್ಕಿಂತ ಕಮ್ಮಿ ಜನ ಇದ್ದರೆ ಇಬ್ಬರು ಬಾರದ ದಿನ ಕೂಟ ಸೊರಗುತ್ತದೆ. ಹದಿನೈದು ದಾಟಿದರೆ ಹಿಂದೆ ಕೂತವರು ಬಾಯಿ ಬಿಡುವುದಿಲ್ಲ. ಹತ್ತರಿಂದ ಹನ್ನೆರಡು ದೊಡ್ಡವರು, ಜೊತೆಗೆ ಅವರ ಮಕ್ಕಳು, ಇದು ಸರಿಯಾದ ಅಳತೆ. ಹಳ್ಳಿಯಲ್ಲಿ ನಡೆದು ಹೋಗುವಷ್ಟು ದೂರ, ಕಲಬುರಗಿಯಂಥ ಊರಲ್ಲಿ ಎರಡು ಕಿಲೋಮೀಟರ್ ಒಳಗೆ. ರಾತ್ರಿ ಆಟೋ ಹಿಡಿದು ಬರಬೇಕಾದರೆ ಮೊದಲು ನಿಲ್ಲುವವರು ಹೆಂಗಸರು.

ನಾಯಕರು ಇಬ್ಬರು: ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರೂ ಬೇರೆ ಬೇರೆ ಮನೆಯವರು. ಅವಧಿ ಒಂದು ವರ್ಷ, ಹೆಚ್ಚೆಂದರೆ ಇನ್ನೊಂದು. ಒಳ್ಳೆಯ ಮಾತುಗಾರರನ್ನು ಹುಡುಕಬೇಡಿ. ವಾರದಲ್ಲಿ ನಾಲ್ಕು ಮನೆ ಹೊಕ್ಕು ಬರುವವರು, ಗುಟ್ಟು ಕಾಯುವವರು, ಬೇರೆಯವರು ಮಾತಾಡುವಾಗ ಸುಮ್ಮನಿರುವವರು ಬೇಕು. ಮಾತುಗಾರರ ಕೈಗೆ ಮನೆಸಭೆ ಕೊಟ್ಟರೆ ಆರು ವಾರದಲ್ಲಿ ಅದು ಪುಟ್ಟ ಪ್ರಸಂಗ (ಉಪದೇಶ) ಕೂಟ.

ಓಣಿಯ ಪ್ರಕಾರ ಗುಂಪು ಮಾಡುವುದು ಸುಲಭ. ಅದಕ್ಕೇ ಮಾಡಬಾರದು. ನಮ್ಮ ಹಳ್ಳಿಗಳಲ್ಲಿ ಓಣಿ ಅಂದರೆ ಜಾತಿ. ಹೊಲೆಯರ ಓಣಿಗೊಂದು, ಮಾದಿಗರ ಓಣಿಗೊಂದು ಮನೆಸಭೆ ಮಾಡಿದರೆ ಗುಡಿಯಲ್ಲಿ ಕಷ್ಟಪಟ್ಟು ಒಟ್ಟಿಗೆ ಕೂತವರನ್ನು ಮತ್ತೆ ಬೇರೆ ಮಾಡಿ ಕಳಿಸಿದಂತೆ. ಹೆಸರುಗಳನ್ನು ಚೀಟಿಯಲ್ಲಿ ಬರೆದು, ಎರಡೂ ಓಣಿಯವರು, ಮೇಷ್ಟ್ರು-ಕೂಲಿಯವರು ಬೆರೆಯುವ ಹಾಗೆ ಹಂಚಿ. ಗೊಣಗಾಟ ಬರುತ್ತದೆ, ಬರಲಿ. ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು ಮಾತಾಡುವವರು ಇದ್ದರೆ ಗುಂಪಿಗೆ ಕನಿಷ್ಠ ಇಬ್ಬರಾದರೂ ಆ ಭಾಷೆಯವರು ಇರಲಿ. ಒಬ್ಬರೇ ಆದರೆ ಮೂಕರಾಗುತ್ತಾರೆ.

ಮನೆ ಮತ್ತು ಚಹಾ

ಪ್ರತಿ ವಾರ ಮನೆ ಬದಲಾಗಬೇಕು. ನಾಯಕರ ಮನೆಯಲ್ಲೇ ಕೂಟ ನಿಂತರೆ ಒಂದು ವರ್ಷದಲ್ಲಿ ಅದು ಅವರ ಸಭೆ. 10 ಅಡಿ ಉದ್ದ, 12 ಅಡಿ ಅಗಲದ ಪಡಸಾಲೆ ಹನ್ನೆರಡು ಜನಕ್ಕೆ ಸಾಕು. ಅಷ್ಟೂ ಇಲ್ಲದ ಮನೆಯಾದರೆ ಅಂಗಳ. ಒಂದು ದೊಡ್ಡ ಜಮಖಾನ ಗುಂಪಿನ ಹೆಸರಿನಲ್ಲಿ ಕೊಂಡು ಮನೆಯಿಂದ ಮನೆಗೆ ಒಯ್ಯಿರಿ. ಕುರ್ಚಿ ಇರುವ ಮನೆಯಲ್ಲಿ ಕುರ್ಚಿ, ಇಲ್ಲದ ಮನೆಯಲ್ಲಿ ಚಾಪೆ ಅಂತ ಆದರೆ ಇಲ್ಲದವರು ಕರೆಯಲು ಹಿಂಜರಿಯುತ್ತಾರೆ. ಮಂಡಿ ನೋವಿನ ಮುದುಕರಿಗೆ ಮಾತ್ರ ಕುರ್ಚಿ. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಹತ್ತಿರ ಎಂಬ ಯಾಕೋಬನ ಬೈಗುಳ (2:2-4) ಈ ಕುರ್ಚಿಗಳಿಗೇ ಬರೆದ ಹಾಗಿದೆ.

ಚಹಾ, ಒಂದು ಹಿಡಿ ಚುರುಮುರಿ. ಇಷ್ಟೇ ಎಂದು ಮೊದಲ ದಿನವೇ ಗೆರೆ ಎಳೆಯಿರಿ. ಒಬ್ಬರು ಪ್ರೀತಿಯಿಂದ ಬಿರಿಯಾನಿ ಮಾಡುತ್ತಾರೆ. ಮುಂದಿನವರು ಕೋಳಿ ತರಲು ಕೈಗಡ ಮಾಡುತ್ತಾರೆ. ಅದರ ಮುಂದಿನವರು "ನಮ್ಮ ಮನ್ಯಾಗ ಈ ವಾರ ಆಗಂಗಿಲ್ಲ" ಅನ್ನುತ್ತಾರೆ. ಮೂರನೆಯವರು ಮತ್ತೆ ಕೂಟಕ್ಕೇ ಬರುವುದಿಲ್ಲ, ಯಾಕೆ ಎಂದು ಯಾರಿಗೂ ಹೇಳುವುದಿಲ್ಲ. ಹನ್ನೆರಡು ಜನರ ಚಹಾಕ್ಕೆ ಒಂದು ಲೀಟರ್ ಹಾಲು ಸಾಕು. ಅದನ್ನೂ ಗುಂಪಿನ ಹಣದಲ್ಲಿ ತಂದರೆ ಯಾರ ಮನೆಯೂ ಹಿಂದೆ ಬೀಳುವುದಿಲ್ಲ.

ಚಹಾದ ಹೊತ್ತು ಸುಮ್ಮನೆ ಕಣ್ಣಿಟ್ಟು ನೋಡಿ. ಯಾವ ಮನೆಯಲ್ಲಿ ಯಾರು "ಈಗ ಕುಡದ ಬಂದೀನ್ರಿ" ಅನ್ನುತ್ತಾರೆ? ಯಾರು ನೀರಿನ ತಂಬಿಗೆ ಮುಟ್ಟುವುದಿಲ್ಲ? ಒಂದೇ ಮನೆಯಲ್ಲಿ, ಅವರೇ ಜನ, ಮೂರು ಸಲ ಹೀಗೆ ಅಂದರೆ ಅದು ಹಸಿವಿನ ವಿಷಯವಲ್ಲ. ಬಹಳ ಸಭೆಗಳು ಇದಕ್ಕೆ ಪ್ಲಾಸ್ಟಿಕ್ ಕಪ್ಪಿನ ಉಪಾಯ ಕಂಡುಕೊಂಡಿವೆ. ಬಳಸಿ ಬಿಸಾಡುವ ಕಪ್ಪು ಬಂದರೆ ಯಾರ ಮನೆಯ ಲೋಟದಲ್ಲಿ ಯಾರು ಕುಡಿದರು ಎಂಬ ಪ್ರಶ್ನೆಯೇ ಮುಚ್ಚಿಹೋಗುತ್ತದೆ, ಮುಚ್ಚಿಕೊಂಡೇ ಬೆಳೆಯುತ್ತದೆ. ಆ ಮನೆಯ ಸ್ಟೀಲ್ ಲೋಟದಲ್ಲೇ ಕುಡಿಯಿರಿ, ಲೋಟ ತೊಳೆಯುವ ಸರದಿ ಗಂಡಸರಿಗೂ ಬರಲಿ. ಕುಡಿಯದವರನ್ನು ಎಲ್ಲರೆದುರು ಕೇಳಬೇಡಿ. ನಾಯಕರಿಬ್ಬರು ಮನೆಗೆ ಹೋಗಿ ಮಾತಾಡಲಿ. ಮಾತಾಡಿದ ಮೇಲೂ ಬದಲಾಗದಿದ್ದರೆ ಆ ಗುಂಪಿಗೆ ಕರ್ತನ ಭೋಜನ ಕೊಡುವ ಮೊದಲು ಪಾಸ್ಟರಿಗೆ ತಿಳಿಸಿ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು, ಇಲ್ಲದವರು ಹಸಿದು ಕೂತಾಗ ಪೌಲನು ನೀವು ಉಣ್ಣುವುದು ಕರ್ತನ ಭೋಜನವೇ ಅಲ್ಲ ಎಂದುಬಿಟ್ಟ (1 ಕೊರಿಂಥ 11:20-22).

ಎಪ್ಪತ್ತೈದು ನಿಮಿಷ

ಹೊತ್ತು ಗೊತ್ತುಮಾಡುವಾಗ ರೊಟ್ಟಿ ಬಡಿಯುವವರನ್ನು ಕೇಳಿ. ಏಳಕ್ಕೆ ಇಟ್ಟರೆ ಹೆಂಗಸರು ಒಲೆಯ ಮುಂದೆ ಇರುತ್ತಾರೆ, ಗಂಡಸರ ಕೂಟ ಆಗುತ್ತದೆ. ಎಂಟಕ್ಕೆ ಶುರು, ಒಂಬತ್ತೂಕಾಲಿಗೆ ಮುಗಿತಾಯ. ತಡವಾಗಿ ಬಂದವರಿಗಾಗಿ ಕಾಯಬೇಡಿ. ಕಾದರೆ ಮುಂದಿನ ವಾರ ಎಲ್ಲರೂ ತಡ. ಮಾತು ಉದ್ದವಾದರೆ ಏನಾಗುತ್ತದೆ ಎಂಬುದಕ್ಕೆ ಮೂರನೇ ಅಂತಸ್ತಿನ ಕಿಟಕಿಯಿಂದ ಬಿದ್ದ ಯೂತಿಖನೇ ಸಾಕ್ಷಿ. ಅದೂ ಪೌಲನ ಮಾತು ಕೇಳುತ್ತ ಬಿದ್ದವನು.

ಮೊದಲ ಹತ್ತು ನಿಮಿಷ ಹಾಡು, ಎರಡೇ. ತಾಳ, ಡೋಲಕ್ ಇದ್ದರೆ ಸಾಕು. ಭಜನೆಯ ಧಾಟಿ ನಮ್ಮ ಜನರ ಬಾಯಲ್ಲಿ ಇದ್ದೇ ಇದೆ, ಒಬ್ಬರು ಎತ್ತಿ ಉಳಿದವರು ಹಿಡಿಯುತ್ತಾರೆ. ಕೀಬೋರ್ಡ್, ಸೌಂಡ್ ಬಾಕ್ಸ್ ಬೇಡ. ಹನ್ನೆರಡು ಜನಕ್ಕೆ ಮೈಕು ಹಾಕಿದರೆ ಕೇಳುವುದು ಪಕ್ಕದ ಮನೆಯವರು, ಅವರಿಗದು ಬೇಕಿರುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ತಕರಾರು, ಪೊಲೀಸ್ ಎಂದು ಹೋಗುವ ಬಹಳ ಜಗಳಗಳ ಬೇರು ಸೌಂಡ್ ಬಾಕ್ಸಿನಲ್ಲೇ ಇರುತ್ತದೆ. ಶುರುಮಾಡುವ ಮೊದಲು ಅಕ್ಕಪಕ್ಕದ ಮನೆಗೆ ಹೋಗಿ "ವಾರಕ್ಕೊಮ್ಮೆ ನಾಕ್ ಮಂದಿ ಕುಂತು ಪ್ರಾರ್ಥನಾ ಮಾಡ್ತೀವ್ರಿ" ಎಂದು ಹೇಳಿ ಬನ್ನಿ.

ಆಮೇಲೆ ಹದಿನೈದು ನಿಮಿಷ ವಾರದ ಸುದ್ದಿ. ನಾಯಕಿಯಾದ ಅಕ್ಕ ಕೇಳುವುದು ಒಂದೇ ಪ್ರಶ್ನೆ: "ಈ ವಾರ ಹ್ಯಾಂಗ ನಡೀತ್ರಿ ಕಾಕಾ?" ಮಗ ಪುಣೆಯಿಂದ ಫೋನ್ ಮಾಡಿಲ್ಲ, ಎತ್ತಿಗೆ ಹುಷಾರಿಲ್ಲ, ತೊಗರಿಗೆ ಹುಳ ಬಿದ್ದಿದೆ, ಇವೆಲ್ಲ ಇಲ್ಲಿ ಬರಬೇಕು. ಬುದ್ಧಿಮಾತು ಬೇಡ, ಕೇಳಿಸಿಕೊಳ್ಳುವುದಷ್ಟೇ.

ವಾಕ್ಯಕ್ಕೆ ಇಪ್ಪತ್ತೈದು ನಿಮಿಷ. ಹನ್ನೆರಡು-ಹದಿನೈದು ವಚನ, ಅದಕ್ಕಿಂತ ಹೆಚ್ಚಿಲ್ಲ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಕಥೆಗಳು ಚಿಕ್ಕವು, ಮಾತು ಸರಳ. ಒಬ್ಬರು ಓದಲಿ, ಇನ್ನೊಬ್ಬರು ಮತ್ತೆ ಓದಲಿ, ಆಮೇಲೆ ಓದು ಬಾರದವರೊಬ್ಬರು ಪುಸ್ತಕ ಮುಚ್ಚಿ ತಮ್ಮ ಮಾತಲ್ಲಿ ಕಥೆ ಹೇಳಲಿ. ಈ ಮೂರನೆಯ ಹೆಜ್ಜೆ ಬಿಡಬೇಡಿ. ಅಕ್ಷರ ಬಾರದ ಮುದುಕಿ ಕಥೆಯನ್ನು ಬಿ.ಎ. ಓದಿದವರಿಗಿಂತ ಚೆನ್ನಾಗಿ ಹಿಡಿದಿಟ್ಟಿರುತ್ತಾಳೆ, ಅವಳು ಹೇಳಿದ ದಿನ ಕೂಟದ ತೂಕವೇ ಬೇರೆ. ನಂತರ ಪ್ರಶ್ನೆಗಳು: ಇಲ್ಲಿ ಯೇಸು ಏನು ಮಾಡಿದ? ಯಾರಿಗೆ ಸಿಟ್ಟು ಬಂತು? ನಮ್ಮ ಊರಲ್ಲಿ ಇದು ನಡೆದಿದ್ದರೆ ನಾವು ಯಾವ ಕಡೆ ನಿಲ್ಲುತ್ತಿದ್ದೆವು? ಈ ವಾರ ಏನು ಮಾಡೋಣ? ಕೊನೆಯದಕ್ಕೆ ಒಂದೇ ಕೆಲಸ ಉತ್ತರವಾಗಿ ಬರಬೇಕು, ಯಾರು ಮಾಡುತ್ತಾರೆಂಬ ಹೆಸರಿನ ಸಮೇತ. "ಎಲ್ಲರೂ ಪ್ರೀತಿಯಿಂದ ಇರೋಣ" ಎಂಬುದನ್ನು ಉತ್ತರವೆಂದು ಒಪ್ಪಬೇಡಿ.

ಪ್ರಾರ್ಥನೆಗೆ ಹದಿನೈದು, ಕಾಣಿಕೆ-ಲೆಕ್ಕಕ್ಕೆ ಹತ್ತು. ಹಾಜರಿ ಪುಸ್ತಕದಲ್ಲಿ ಬಂದವರ ಹೆಸರಿನ ಮುಂದೆ, ಅವರು ಅಂದು ಮಾತಾಡಿದ್ದರೆ ಒಂದು ಗೆರೆ ಹಾಕಿ. ನಾಲ್ಕು ವಾರ ಬಿಟ್ಟು ನೋಡಿದರೆ ಗೆರೆಗಳೆಲ್ಲ ಮೂವರ ಹೆಸರಿನ ಮುಂದೇ ಇದ್ದರೆ, ಮುಂದಿನ ವಾರ ಆ ಮೂವರು ಕೊನೆಯಲ್ಲಿ ಮಾತಾಡಬೇಕು. ನೀವು ಕೂಡಿ ಬರುವಾಗ ಒಬ್ಬನ ಹತ್ತಿರ ಕೀರ್ತನೆ, ಒಬ್ಬನ ಹತ್ತಿರ ಬೋಧನೆ ಎಂಬ ಮಾತು (1 ಕೊರಿಂಥ 14:26) ಲೆಕ್ಕಕ್ಕೆ ಸಿಗುವುದು ಹೀಗೆ.

ರೊಟ್ಟಿ, ದ್ರಾಕ್ಷಾರಸ

ಕರ್ತನ ಭೋಜನವನ್ನು ಪಾಸ್ಟರು ಮೂರು ತಿಂಗಳಿಗೊಮ್ಮೆ ಪ್ರತಿ ಮನೆಸಭೆಗೂ ಬಂದು ನಡೆಸಲಿ. ಮೆಥೋಡಿಸ್ಟರು ಬಳಸುವುದು ಹುಳಿಯಾಗದ ದ್ರಾಕ್ಷಾರಸ: ಅರ್ಧ ಕಿಲೋ ಕಪ್ಪು ದ್ರಾಕ್ಷಿಯನ್ನು ಕಿವುಚಿ, ಕುದಿಸಿ, ಬಟ್ಟೆಯಲ್ಲಿ ಸೋಸಿದರೆ ಇಪ್ಪತ್ತು-ಇಪ್ಪತ್ತೈದು ಜನಕ್ಕೆ ಆಗುತ್ತದೆ. ಹಣ್ಣು ಸಿಗದ ಕಾಲದಲ್ಲಿ 200 ಗ್ರಾಂ ಒಣದ್ರಾಕ್ಷಿಯನ್ನು ಅರ್ಧ ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ ಬೆಳಿಗ್ಗೆ ಕುದಿಸಿ ಸೋಸಿ. ನಮ್ಮ ಬೇಸಿಗೆಯಲ್ಲಿ ಹಿಂದಿನ ದಿನದ ರಸ ನೊರೆ ಬಂದು ಕೆಡುತ್ತದೆ, ಅಂದಿನದು ಅಂದೇ.

ಪಾಸ್ಟರು ಬಾರದ ವಾರಗಳಲ್ಲಿ ಪ್ರೇಮಭೋಜನ ಮಾಡಬಹುದು. ರೊಟ್ಟಿ ಮತ್ತು ನೀರು ಹಂಚಿಕೊಂಡು ಸಾಕ್ಷಿ ಹೇಳುವುದು ಹಳೆಯ ಮೆಥೋಡಿಸ್ಟ್ ಪದ್ಧತಿ, ಸಂಸ್ಕಾರವಲ್ಲ, ಆದ್ದರಿಂದ ಯಾರ ಅಧಿಕಾರಕ್ಕೂ ಧಕ್ಕೆ ಇಲ್ಲ. ಆ ಮನೆಯ ಜೋಳದ ರೊಟ್ಟಿ ಒಂದು ಸಾಕು, ಬಿಸಿಯದ್ದು. ಕಟಕ ರೊಟ್ಟಿ ಪುಡಿಯಾಗಿ ಜಮಖಾನಕ್ಕೆ ಬೀಳುತ್ತದೆ. ಕೆಥೋಲಿಕರಲ್ಲಿ ಬಲಿಪೂಜೆಗೆ ಗೋಧಿಯ ರೊಟ್ಟಿ, ದ್ರಾಕ್ಷಿಯ ವೈನು, ಗುರುಗಳು ಬೇಕೇ ಬೇಕು. ಮನೆಯ ಕೂಟದಲ್ಲಿ ಅದರ ಅನುಕರಣೆ ಮಾಡಬಾರದು.

ಕಾಣಿಕೆ ಪೆಟ್ಟಿಗೆ

ಎರಡು ಬೀಗದ ತಗಡಿನ ಪೆಟ್ಟಿಗೆ, ಎರಡು ಕೀಲಿ ಎರಡು ಮನೆಯಲ್ಲಿ. ಎಣಿಸುವುದು ಅಲ್ಲೇ, ಎಲ್ಲರೆದುರು, ಸಂಬಂಧಿಕರಲ್ಲದ ಇಬ್ಬರು. ಹನ್ನೆರಡು ಜನ ವಾರಕ್ಕೆ ತಲಾ ₹25 ಹಾಕಿದರೆ ನಾಲ್ಕು ವಾರಕ್ಕೆ ₹1,200. ಅದರಲ್ಲಿ ₹600 ಕಾಯಿಲೆ-ಸಂಕಟಕ್ಕೆ, ₹400 ಗುಡಿಗೆ, ₹200 ಹಾಲು, ಜಮಖಾನ, ಪುಸ್ತಕಕ್ಕೆ. ಗುಡಿಯ ಪಾಲು ನಿಲ್ಲಿಸಬೇಡಿ. ಪಾಸ್ಟರ ಸಂಬಳ ಅದರಲ್ಲೇ ಹೊರಡಬೇಕು, ಅದು ನಿಂತ ತಿಂಗಳೇ ಮನೆಸಭೆಗೆ ವೈರಿ ಹುಟ್ಟುತ್ತಾನೆ.

ಸಂಕಟದ ಹಣ ಕೊಡುಗೆ, ಸಾಲವಲ್ಲ. ಸಾಲ ಬೇಕಾದವರಿಗೆ ಸ್ತ್ರೀಶಕ್ತಿ ಸಂಘ ಇದೆ. ಕಾಣಿಕೆಯಿಂದ ಸಾಲ ಕೊಟ್ಟರೆ ತೀರಿಸಲಾಗದವರು ಸಾಲವನ್ನೂ ಸಭೆಯನ್ನೂ ಒಟ್ಟಿಗೆ ಬಿಡುತ್ತಾರೆ. ಫೋನ್‌ಪೇ ಬೇಕೇ ಬೇಕೆಂದರೆ ಸಭೆಯ ಜಂಟಿ ಖಾತೆಗೆ. ನಾಯಕರ ಸ್ವಂತ ನಂಬರಿಗೆ ಹತ್ತು ರೂಪಾಯಿಯೂ ಬೀಳಬಾರದು. ಪ್ರಾಮಾಣಿಕರ ಮೇಲೆಯೇ ಅನುಮಾನ ಮೊದಲು ಹುಟ್ಟುವುದು ಅಲ್ಲಿ. ದುಬೈ, ಅಮೆರಿಕದಲ್ಲಿರುವ ವಿದೇಶಿ ಗೆಳೆಯರು ಹಣ ಕಳಿಸುತ್ತೇವೆಂದರೆ 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದ ಸಭೆ ತೆಗೆದುಕೊಳ್ಳುವಂತಿಲ್ಲ.

ಗುಡಿಯಲ್ಲಿಯೂ ಒಂದೆರಡು ಪದ್ಧತಿ ಕೈಬಿಡಬೇಕು. ಕೃತಜ್ಞತಾ ಕಾಣಿಕೆಯನ್ನು ಹೆಸರು-ಮೊತ್ತ ಹೇಳಿ ಓದುವುದು ನಿಲ್ಲಲಿ, ಒಟ್ಟು ಮೊತ್ತ ಮಾತ್ರ ಓದಿ. ಸುಗ್ಗಿಯ ಹಬ್ಬದಲ್ಲಿ ಕುಂಬಳಕಾಯಿಯನ್ನು ಸಾವಿರಕ್ಕೆ ಹರಾಜು ಹಿಡಿಯುವ ಬದಲು ಬೆಲೆ ಕಟ್ಟಿ ಮಾರಿ. ವರಮಾನ ಒಂದಿಷ್ಟು ಇಳಿಯುತ್ತದೆ, ಹರಾಜಿನ ದಿನ ಹಿಂದೆ ನಿಲ್ಲುತ್ತಿದ್ದವರು ಮುಂದೆ ಬರುತ್ತಾರೆ. ತಿಂಗಳ ಕೂಡುಸಭೆಯಲ್ಲಿ ಪ್ರತಿ ಮನೆಸಭೆಯಿಂದ ಒಂದು ಹಾಡು, ಎರಡು ನಿಮಿಷದ ವರದಿ, ಪ್ರಸಂಗ ಇಪ್ಪತ್ತು ನಿಮಿಷ, ಶಾಲು-ಸನ್ಮಾನ ಇಲ್ಲ. ಏಪ್ರಿಲ್-ಮೇನಲ್ಲಿ ತಗಡಿನ ಗುಡಿಯಾದರೆ ಬೆಳಿಗ್ಗೆ ಏಳೂವರೆಗೆ ಮುಗಿಯುವಂತೆ ಇಟ್ಟುಕೊಳ್ಳಿ.

ಕೆಡುವ ಜಾಗಗಳು

ಸ್ವಸ್ಥತೆಯ ಪ್ರಾರ್ಥನೆ ಮಾಡಿ, ಗುಳಿಗೆ ಬಿಡಿಸಬೇಡಿ. ಕ್ಷಯದ ಮದ್ದು ಸಾಮಾನ್ಯವಾಗಿ ಆರು ತಿಂಗಳು; ಎರಡು ತಿಂಗಳಿಗೆ ಕೆಮ್ಮು ನಿಂತಾಗ "ದೇವರು ವಾಸಿಮಾಡಿದ" ಎಂದು ಬಿಟ್ಟರೆ ರೋಗ ಮದ್ದಿಗೆ ಬಗ್ಗದ ರೂಪದಲ್ಲಿ ತಿರುಗಿ ಬರುತ್ತದೆ. ಸಕ್ಕರೆ ಕಾಯಿಲೆ, ಮೂರ್ಛೆ, ಮಾನಸಿಕ ಕಾಯಿಲೆಗೂ ಇದೇ ಮಾತು. ವಾಸಿಯಾಗುತ್ತದೆ, ನೌಕರಿ ಸಿಗುತ್ತದೆ ಎಂದು ಭರವಸೆ ಕೊಟ್ಟು ಯಾರನ್ನೂ ಕರೆಯಬೇಡಿ.

ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು, ಬಾಗಿಲು ತೆರೆದ ಕೋಣೆ. ಮಗುವಿನ ಮೇಲೆ ದೌರ್ಜನ್ಯವಾದ ಸುಳಿವು ಸಿಕ್ಕರೆ ಅದು ಹಿರಿಯರ ಪಂಚಾಯ್ತಿಯಲ್ಲಿ ಮುಗಿಸುವ ವಿಷಯವಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಡುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಹೆಂಡತಿಗೆ ಹೊಡೆಯುವ ಗಂಡನ ವಿಷಯದಲ್ಲೂ "ಕ್ಷಮಿಸಿ ಬಿಡವ್ವ" ಎಂಬುದು ಮೊದಲ ಮಾತಾಗಬಾರದು. 181 ಹೆಂಗಸರ ಸಹಾಯವಾಣಿ. ಮಿಕ್ಕ ಜಗಳಗಳಿಗೆ ಮತ್ತಾಯ 18ರ ಮೆಟ್ಟಿಲು ಸಾಕು: ಮೊದಲು ಇಬ್ಬರೇ, ಆಮೇಲೆ ಒಬ್ಬಿಬ್ಬರ ಸಾಕ್ಷಿ, ಕೊನೆಗೆ ಸಭೆ. ಕೂಟದಲ್ಲಿ ಕೇಳಿದ್ದು, ತೆಗೆದ ಫೋಟೋ ವಾಟ್ಸಾಪ್‌ಗೆ ಹೋಗಬಾರದು.

ವರ್ಷದ ತಿರುವು

ತೊಗರಿ ರಾಶಿಯ ಡಿಸೆಂಬರ್-ಜನವರಿಯಲ್ಲಿ ಜನ ಹೊಲದಲ್ಲೇ ಇರುತ್ತಾರೆ, ಕೂಟವನ್ನು ಹದಿನೈದು ದಿನಕ್ಕೊಮ್ಮೆ ಮಾಡಿ. ನವೆಂಬರಿನಲ್ಲಿ ತೆಲಂಗಾಣದ ಧಾರೂರಿನ ಮೆಥೋಡಿಸ್ಟ್ ಜಾತ್ರೆಗೆ ಹೋಗುವ ವಾರ ಬಿಡುವು. ದುಡಿಯಲು ಹೈದರಾಬಾದ್, ಮುಂಬೈಗೆ ಹೋದವರ ಹೆಸರು ಹಾಜರಿಯಿಂದ ಹೊಡೆದುಹಾಕಬೇಡಿ. ಸುದ್ದಿಯ ಹದಿನೈದು ನಿಮಿಷದಲ್ಲಿ ಒಬ್ಬರಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿ. ಅವರು ಊರಿಗೆ ಬಂದಾಗ ಕೂಟ ಮೊದಲು ಅವರ ಮನೆಯಲ್ಲಿ.

ದೊಡ್ಡವರ ಎಣಿಕೆ ಹದಿನೈದು ದಾಟಿ ಎರಡು ತಿಂಗಳಾದರೆ ಗುಂಪನ್ನು ಎರಡು ಮಾಡಿ. ಹಳೆಯ ನಾಯಕರಲ್ಲಿ ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ. ಪ್ರತಿಯೊಬ್ಬರಿಗೂ ಹೊಸ ಜೊತೆಗಾರರನ್ನು ಒಂದು ತಿಂಗಳು ಮೊದಲೇ ಪಳಗಿಸಿಟ್ಟಿರಬೇಕು. ಗಂಡ-ಹೆಂಡತಿ ಒಂದೇ ಕಡೆ ಇರಲಿ, ಅಣ್ಣತಮ್ಮಂದಿರು ಬೇರೆ ಕಡೆ. ಚೀಟಿ ಎತ್ತಿದ ಮೇಲೆ ಎರಡೂ ಪಟ್ಟಿಯನ್ನು ಓಣಿಯ ಲೆಕ್ಕದಲ್ಲಿ ಒಮ್ಮೆ ನೋಡಿ. ಒಂದು ಪಟ್ಟಿ ಪೂರಾ ಒಂದೇ ಓಣಿಯದಾಗಿದ್ದರೆ ಚೀಟಿ ಮತ್ತೆ ಎತ್ತಿ. ಪೆಟ್ಟಿಗೆಯ ಹಣ ಅರ್ಧರ್ಧ, ಜಮಖಾನ ಹೊಸ ಗುಂಪಿಗೆ.